ಪಡಿಯಚ್ಚಿನೊಳಗಿನ ಬೀಗದ ಕೈ

ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ, ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಶಾಲೆಯಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅವರಿಗೆ ಅಲ್ಲಿನ ಬೀಗದ ಕುಶಲಕರ್ಮಿಯಿಂದ ಒಂದು ಸಂಗತಿ ತಿಳಿದುಬಂದಿತು. ರಹಸ್ಯ ಕಾಗದಪತ್ರಗಳನ್ನಿಡುವ ಉಕ್ಕಿನ ತಿಜೋರಿಗಳು ಅಂಕಿಗಳನ್ನು ತಿರುಗಿಸಿ ತೆರೆಯುವಂಥವು. ಕಾರ್ಖಾನೆಯಿಂದ ಹೊರಬೀಳುವಾಗ ಅವಕ್ಕೆ ೨೫-೦-೨೫ ಅಥವಾ ೫೦-೨೫-೫೦ ಎಂಬ ಅಂಕಿಗಳನ್ನು ಇಟ್ಟಿರುತ್ತಿದ್ದರು. ಕೊಂಡವರು ಅವನ್ನು ಬದಲಾಯಿಸಿಕೊಳ್ಳಬೇಕು. ಫೈನ್‌ಮನ್ ತಮ್ಮ ಕಟ್ಟಡದ ಕೊಠಡಿ ಕೊಠಡಿಗೂ ಹೋಗಿ ಇವೆರಡನ್ನೇ ಪ್ರಯತ್ನಿಸಲು, ಸುಮಾರು ಐದರಲ್ಲಿ ಒಂದು ತಿಜೋರಿ ತೆರೆದುಕೊಂಡಿತೆಂದು ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ. ಉಕ್ಕು ಗಟ್ಟಿಯಾಗಿಯೇ ಇತ್ತು. ಬೀಗದ ರಚನೆಯಲ್ಲಿ ದೋಷವಿರಲಿಲ್ಲ. ತಯಾರಕರು ಇಟ್ಟ ಸಂಖ್ಯೆ ಮಾತ್ರ ಹಾಗೆಯೇ ಉಳಿದುಬಿಟ್ಟಿತ್ತು.

ಇಂದು ನಮ್ಮ ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ದಾಖಲೆ, ಪರೀಕ್ಷೆಯ ಅಂಕಪಟ್ಟಿ ಎಲ್ಲವೂ ಕಂಪ್ಯೂಟರುಗಳಲ್ಲಿ ಅಡಗಿವೆ. ಅವುಗಳ ಬೀಗದ ಕೈಗೆ ಪಾಸ್‌ವರ್ಡ್ ಅಥವಾ ಗುಪ್ತಪದವೆಂದು ಹೆಸರು. ಮೊದಲೇ ಇಟ್ಟ ಗುಪ್ತಪದ ಹಾಗೆಯೇ ಉಳಿದುಬಿಡುವ ಹಳೆಯ ರೋಗ ಇಲ್ಲಿಯೂ ಉಂಟು. ಇಲ್ಲಿ ಒಂದು ಅಚ್ಚಿನಿಂದ ಸಾವಿರಾರು ಪ್ರತಿಗಳನ್ನು ಕ್ಷಣಮಾತ್ರದಲ್ಲಿ ತೆಗೆಯಬಹುದಾದುದರಿಂದ, ಅದರ ವ್ಯಾಪ್ತಿ ಇನ್ನೂ ದೊಡ್ಡದು. ಇದು ಹೇಗೆ ಹುಟ್ಟುತ್ತದೆ, ಇದನ್ನು ಹೇಗೆ ನಿವಾರಿಸುತ್ತಾರೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಕಂಟೇನರ್ ಎಂದರೇನು?

ಒಂದು ದೊಡ್ಡ ಕಂಪ್ಯೂಟರಿನಲ್ಲಿ ಹಲವು ಕೆಲಸಗಳು ಒಟ್ಟಿಗೆ ನಡೆಯಬೇಕಾಗುತ್ತದೆ. ಒಂದರ ತಂತ್ರಾಂಶವು ಮತ್ತೊಂದರದಕ್ಕೆ ಅಡ್ಡ ಬರಬಾರದು. ಅದಕ್ಕಾಗಿ ಪ್ರತಿಯೊಂದಕ್ಕೂ ಪ್ರತ್ಯೇಕವಾದ ಕೋಣೆಯೊಂದನ್ನು ಕಲ್ಪಿಸಿಕೊಡುತ್ತಾರೆ. ಒಳಗಿರುವ ತಂತ್ರಾಂಶಕ್ಕೆ ಇಡೀ ಯಂತ್ರವೇ ತನ್ನದೆಂಬ ಭಾವನೆ. ನಿಜದಲ್ಲಿ ಎಲ್ಲ ಕೋಣೆಗಳಿಗೂ ಆಧಾರವಾದ ಕರ್ನಲ್, ಅಂದರೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ, ಒಂದೇ. ಇಂಥ ಕೋಣೆಗೆ ಕಂಟೇನರ್ ಎನ್ನುತ್ತಾರೆ. ಲಿನಕ್ಸ್ ವ್ಯವಸ್ಥೆಗೆ ಎಲ್‌ಎಕ್ಸ್‌ಸಿ ಎಂಬ ಸಲಕರಣೆ ೨೦೦೮ರಲ್ಲಿ ಬಂದಿತು. ೨೦೧೩ರಲ್ಲಿ ಬಂದ ಡಾಕರ್ ಈ ವಿಧಾನವನ್ನು ಲೋಕಪ್ರಸಿದ್ಧಗೊಳಿಸಿತು.

ಪ್ರತಿ ಕೋಣೆಯನ್ನೂ ಬುಡದಿಂದ ಕಟ್ಟುವುದು ಶ್ರಮದ ಕೆಲಸ. ಆದುದರಿಂದ ಒಮ್ಮೆ ಒಂದು ಪಡಿಯಚ್ಚನ್ನು ಸಿದ್ಧಪಡಿಸಿ, ಬೇಕಾದಾಗಲೆಲ್ಲ ಅದರಿಂದ ಪ್ರತಿಯನ್ನು ತೆಗೆಯುತ್ತಾರೆ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ಯುವುದನ್ನು ವಾಚಕರು ನೋಡಿರಬಹುದು. ಮರದ ಅಚ್ಚಿನಲ್ಲಿ ಒಂದು ಗೀರು ಬಿದ್ದಿದ್ದರೆ, ಅದರಲ್ಲಿ ಹೊಯ್ದ ಪ್ರತಿಯೊಂದು ಗಿಳಿಯ ಮೈಮೇಲೂ ಅದೇ ಗೀರು ಮೂಡುತ್ತದಷ್ಟೆ? ತಂತ್ರಾಂಶದ ಪಡಿಯಚ್ಚಿನದೂ ಇದೇ ಗುಣ.

ಗುಪ್ತಪದ ಅಚ್ಚಿನೊಳಕ್ಕೆ ಬಂದುದೇಕೆ?

ಲಿನಕ್ಸ್ ವ್ಯವಸ್ಥೆಯಲ್ಲಿ ಸರ್ವಾಧಿಕಾರವುಳ್ಳ ಬಳಕೆದಾರನಿಗೆ ‘ರೂಟ್’ ಎಂದು ಹೆಸರು. ಹೊಸದಾಗಿ ತೆಗೆದ ಕಂಟೇನರಿನೊಳಕ್ಕೆ ಒಡೆಯನೇ ಪ್ರವೇಶಿಸಬೇಕಾದರೂ ಯಾವುದಾದರೊಂದು ದಾರಿ ಬೇಕು. ಈ ಅನುಕೂಲಕ್ಕಾಗಿಯೇ ಎಲ್‌ಎಕ್ಸ್‌ಸಿಯ ಜೊತೆಗೆ ಬರುತ್ತಿದ್ದ ಡೆಬಿಯನ್ ಪಡಿಯಚ್ಚು ಮೊದಮೊದಲು ರೂಟ್ ಬಳಕೆದಾರನಿಗೆ ‘ರೂಟ್’ ಎಂಬ ಪದವನ್ನೇ ಗುಪ್ತಪದವನ್ನಾಗಿ ಇಡುತ್ತಿತ್ತು. ಕೆಲಸ ಮುಗಿದಾಗ, ಗುಪ್ತಪದ ಇಂಥದು, ದಯವಿಟ್ಟು ಬದಲಾಯಿಸಿ ಎಂಬ ಸೂಚನೆಯನ್ನೂ ತೆರೆಯ ಮೇಲೆ ತೋರಿಸುತ್ತಿತ್ತು.

ಬರೆದವರು ಅಜ್ಞಾನಿಗಳಲ್ಲ. ತನ್ನ ಮೇಜಿನ ಮೇಲಿನ ಯಂತ್ರದಲ್ಲಿ ಪ್ರಯೋಗ ಮಾಡುವವನಿಗೆ ಇದರಿಂದ ಕೇಡೇನೂ ಆಗುತ್ತಿರಲಿಲ್ಲ. ಆದರೆ ಪ್ರಯೋಗಕ್ಕೆಂದು ತೆಗೆದ ಕಂಟೇನರು ಹಾಗೆಯೇ ಸಾರ್ವಜನಿಕ ಸೇವೆಗೆ ನಿಲ್ಲುವುದುಂಟು. ಕಂಟೇನರನ್ನು ಮನುಷ್ಯನ ಬದಲು ಮತ್ತೊಂದು ಪ್ರೋಗ್ರಾಮು ಹುಟ್ಟಿಸುವಾಗಲಂತೂ, ಬದಲಾಯಿಸಿ ಎಂಬ ಸೂಚನೆಯನ್ನು ಓದುವ ಕಣ್ಣುಗಳೇ ಅಲ್ಲಿಲ್ಲ.

ಪಟ್ಟಿಯಿಂದಾದ ದಾಳಿ

ಇಂಥ ಉದಾಸೀನದ ಫಲವೇನೆಂಬುದು ೨೦೧೬ರಲ್ಲಿ ಲೋಕಕ್ಕೆ ಕಂಡಿತು. ಕಂಟೇನರುಗಳಲ್ಲಲ್ಲದೆ, ಮನೆ ಅಂಗಡಿಗಳಲ್ಲಿನ ಕಾವಲು ಕ್ಯಾಮರಾ, ಚಿತ್ರ ಮುದ್ರಿಸುವ ಪೆಟ್ಟಿಗೆ, ರೌಟರ್ ಮುಂತಾದ ಉಪಕರಣಗಳಲ್ಲಿ ‘ಮಿರಾಯ್’ ಎಂಬ ಕೇಡಿನ ತಂತ್ರಾಂಶ ಹರಡಿತು. ಅದರಲ್ಲಿ ಕುಶಲ ಗಣಿತವೇನೂ ಇರಲಿಲ್ಲ. ತಯಾರಕರು ಇಡುವ ಹೆಸರು ಮತ್ತು ಗುಪ್ತಪದಗಳ ಅರುವತ್ತು ಚಿಲ್ಲರೆ ಜೋಡಿಗಳ ಒಂದು ಪಟ್ಟಿಯಿತ್ತು. ಅಂತರ್ಜಾಲದಲ್ಲಿ ಸಿಕ್ಕ ಉಪಕರಣದ ಬಾಗಿಲನ್ನೆಲ್ಲ ಆ ಜೋಡಿಗಳಿಂದ ತಟ್ಟುತ್ತ ಹೋಗುವುದೇ ಅದರ ಕೆಲಸ. ಅದರ ಹಾವಳಿ ಶಿಖರಕ್ಕೇರಿದಾಗ ಸುಮಾರು ೬ ಲಕ್ಷ ಉಪಕರಣಗಳು ವಶವಾಗಿದ್ದುವೆಂದು ಸಂಶೋಧಕರು ಲೆಕ್ಕಹಾಕಿದ್ದಾರೆ. ೨೦೧೬ರ ಅಕ್ಟೋಬರ್ ೨೧ರಂದು ಇವು ಡಿನ್ ಎಂಬ ಅಮೆರಿಕನ್ ಸಂಸ್ಥೆಯ ಮೇಲೆ ಒಮ್ಮೆಲೇ ಕೋರಿಕೆಗಳ ಮಳೆಗರೆಯಲು, ಟ್ವಿಟ್ಟರ್, ನೆಟ್‌ಫ್ಲಿಕ್ಸ್ ಮೊದಲಾದ ತಾಣಗಳು ಅನೇಕರಿಗೆ ಗಂಟೆಗಟ್ಟಲೆ ದೊರೆಯದಾದುವು.

ಉಪಕರಣಗಳು ಬೇರೆ, ಕಂಟೇನರು ಬೇರೆಯಾದರೂ ತತ್ತ್ವ ಒಂದೇ. ದಾಳಿ ಮಾಡುವವನಿಗೆ ನಿಮ್ಮ ಗುಪ್ತಪದ ತಿಳಿಯಬೇಕಾದುದಿಲ್ಲ. ನಿಮ್ಮ ಪಡಿಯಚ್ಚು ಯಾವುದೆಂದು ತಿಳಿದರೆ ಸಾಕು.

ಒಂದು ಅಕ್ಷರದ ಅಂತರ

ಪದ ಇಲ್ಲದಿರುವುದೂ ಅಪಾಯವೇ. ಲಿನಕ್ಸಿನಲ್ಲಿ ಬಳಕೆದಾರರ ಗುಪ್ತಪದಗಳಿಗೆ ಮೀಸಲಾದ ಕಡತವೊಂದಿದೆ. ಅದರಲ್ಲಿ ಒಬ್ಬೊಬ್ಬನಿಗೂ ಒಂದು ಸಾಲು. ಸಾಲಿನ ಎರಡನೆಯ ಮನೆಯಲ್ಲಿ ಗುಪ್ತಪದದ ಗುರುತು. ಆ ಮನೆಯಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆಯಿದ್ದರೆ ಯಾವ ಗುಪ್ತಪದವೂ ಹೊಂದುವುದಿಲ್ಲ, ಬಾಗಿಲು ಭದ್ರ. ಮನೆ ಖಾಲಿಯಿದ್ದರೆ ಗುಪ್ತಪದವೇ ಬೇಡವೆಂದು ಅರ್ಥ, ಬಾಗಿಲು ಬಯಲು! ಡಾಕರಿಗಾಗಿ ಪ್ರಕಟವಾಗುತ್ತಿದ್ದ ಆಲ್ಪೈನ್ ಲಿನಕ್ಸಿನ ಅಧಿಕೃತ ಪಡಿಯಚ್ಚುಗಳಲ್ಲಿ, ೩.೩ನೆಯ ಆವೃತ್ತಿಯಿಂದ ಮೊದಲಾಗಿ, ರೂಟ್ ಬಳಕೆದಾರನ ಈ ಮನೆ ಖಾಲಿಯಾಗಿತ್ತು. ೨೦೧೫ರ ಡಿಸೆಂಬರಿನಲ್ಲಿ ನುಸುಳಿದ ಈ ದೋಷ ೨೦೧೯ರ ಮೇ ತಿಂಗಳಿನಲ್ಲಿ ಪ್ರಕಟವಾಯಿತು. ಸಾಮಾನ್ಯವಾಗಿ ಇಂಥ ಕಂಟೇನರಿನಲ್ಲಿ ಒಂದೇ ಪ್ರೋಗ್ರಾಮು ನಡೆಯುತ್ತಿದ್ದು, ಗುಪ್ತಪದ ಕೇಳುವ ಪ್ರಸಂಗವೇ ಬರುವುದಿಲ್ಲವಾದುದರಿಂದ ಎಲ್ಲೆಡೆಯೂ ಅನಾಹುತವಾಗಲಿಲ್ಲ. ಆದರೆ ಆ ಕಡತವನ್ನು ನಂಬಿ ಪ್ರವೇಶ ಕೊಡುವ ತಂತ್ರಾಂಶವನ್ನು ಯಾರು ಸೇರಿಸಿಕೊಂಡರೋ ಅವರ ಪಾಲಿಗೆ ಅಪಾಯ ನಿಜವಾದುದು. ಒಂದು ಅಕ್ಷರವನ್ನು ಸೇರಿಸುವುದೇ ಅದರ ಪರಿಹಾರವಾಗಿತ್ತು.

ಯಾದೃಚ್ಛಿಕ ಗುಪ್ತಪದ

ಪ್ರತಿ ಕಂಟೇನರಿಗೂ ಬೇರೆಬೇರೆ ಗುಪ್ತಪದವನ್ನು ಯಂತ್ರವೇ ಆರಿಸಲಿ ಎಂಬುದು ಸಹಜವಾಗಿ ಹೊಳೆಯುವ ಉಪಾಯ. ಡೆಬಿಯನ್ ಪಡಿಯಚ್ಚಿನಲ್ಲಿ ಮುಂದೆ ಇದನ್ನೇ ಮಾಡಿದರು: ಕರ್ನಲಿನ ಯಾದೃಚ್ಛಿಕ ಸಂಖ್ಯೆಗಳ ಭಂಡಾರದಿಂದ ೬ ಬೈಟುಗಳನ್ನು ತೆಗೆದು, ೮ ಅಕ್ಷರಗಳ ಪದವನ್ನಾಗಿ ಬರೆದು ಒಡೆಯನಿಗೆ ತೋರಿಸುವುದು. ೬ ಬೈಟು ಎಂದರೆ ೪೮ ಬಿಟ್ಟು. ೨ರ ೪೮ನೆಯ ಘಾತ ಸುಮಾರು ೨೮೧ ಲಕ್ಷ ಕೋಟಿ. ಸೆಕೆಂಡಿಗೆ ಹತ್ತರಂತೆ ಬಾಗಿಲು ತಟ್ಟುವವನಿಗೆ ಎಲ್ಲವನ್ನೂ ಮುಗಿಸಲು ಸುಮಾರು ೯ ಲಕ್ಷ ವರ್ಷಗಳು ಬೇಕು.

ಫೆಡೋರಾ ಪಡಿಯಚ್ಚಿನ ಕ್ರಮ ಬೇರೆ. ಅಲ್ಲಿ ‘ರೂಟ್’ ಎಂಬ ಪದ, ಬಳಿಕ ಕಂಟೇನರಿನ ಹೆಸರು, ಕೊನೆಗೆ ೬ ಯಾದೃಚ್ಛಿಕ ಅಕ್ಷರಗಳು. ನೋಡಲು ಇದು ಹೆಚ್ಚು ಉದ್ದ. ಆದರೆ ಮೊದಲೆರಡು ಭಾಗಗಳನ್ನು ಊಹಿಸಬಹುದಾದುದರಿಂದ ಅವು ಬಲವನ್ನೇನೂ ಕೊಡವು. ಇಂಗ್ಲಿಷಿನ ದೊಡ್ಡ ಮತ್ತು ಸಣ್ಣ ಅಕ್ಷರಗಳೂ ಅಂಕಿಗಳೂ ಸೇರಿ ೬೨. ೬೨ರ ೬ನೆಯ ಘಾತ ಸುಮಾರು ೫,೬೮೦ ಕೋಟಿ. ಮೇಲಿನ ವೇಗದಲ್ಲಿ ೧೮೦ ವರ್ಷ. ಬಾಗಿಲು ತಟ್ಟುವವನಿಗೆ ಇದೂ ಸಾಕಷ್ಟು ದೀರ್ಘವೇ.

ಆದರೆ ಕಳ್ಳನು ಬಾಗಿಲನ್ನೇ ತಟ್ಟಬೇಕೆಂಬ ನಿಯಮವಿಲ್ಲ. ಕಂಪ್ಯೂಟರು ಗುಪ್ತಪದವನ್ನು ಇದ್ದಂತೆಯೇ ಇಟ್ಟುಕೊಳ್ಳದೆ, ಹ್ಯಾಶ್ ಎಂಬ ರೂಪಕ್ಕೆ ಅರೆದು ಇಡುತ್ತದೆ. ಹಿಟ್ಟಿನಿಂದ ರಾಗಿಯನ್ನು ಮರಳಿ ಮಾಡಲಾಗದಂತೆ ಹ್ಯಾಶಿನಿಂದ ಪದವನ್ನು ಮರಳಿ ಪಡೆಯಲಾಗದು. ಆದರೂ ಒಂದೊಂದೇ ಪದವನ್ನು ತಾನೂ ಅರೆದು, ಹಿಟ್ಟು ಹೊಂದುತ್ತದೆಯೇ ಎಂದು ಹೋಲಿಸಬಹುದಲ್ಲವೆ? ಹ್ಯಾಶ್ ಕೈಸೇರಿದವನು ತನ್ನ ಯಂತ್ರದಲ್ಲೇ ಸೆಕೆಂಡಿಗೆ ೧೦ ಲಕ್ಷ ಪದಗಳನ್ನು ಪರೀಕ್ಷಿಸಬಲ್ಲನೆಂದು ಇಟ್ಟುಕೊಳ್ಳೋಣ. ಆಗ ೧೮೦ ವರ್ಷದ ಕೆಲಸ ೧೬ ಗಂಟೆಗಳೊಳಗೆ ಮುಗಿಯುತ್ತದೆ. ೯ ಲಕ್ಷ ವರ್ಷದ್ದು ಸುಮಾರು ೯ ವರ್ಷಕ್ಕೆ ಇಳಿಯುತ್ತದೆ.

ಹುಟ್ಟಬೇಕಾದುದು ಯಾವಾಗ?

ಈ ವಿಷಯದ ತಿರುಳು ಇಲ್ಲಿದೆ. ಯಾದೃಚ್ಛಿಕ ಪದವನ್ನು ಪಡಿಯಚ್ಚನ್ನು ತಯಾರಿಸುವಾಗ ಆರಿಸಿದರೆ, ಅದೆಷ್ಟೇ ಉದ್ದವಾಗಿರಲಿ, ಪ್ರತಿಗಳಲ್ಲೆಲ್ಲ ಅದೇ ಪದ, ಅದೇ ಹ್ಯಾಶ್. ಸಾರ್ವಜನಿಕ ಪಡಿಯಚ್ಚನ್ನು ಯಾರು ಬೇಕಾದರೂ ಇಳಿಸಿಕೊಂಡು ಬಿಚ್ಚಿ ನೋಡಬಹುದು. ಒಮ್ಮೆ ಭೇದಿಸಿದರೆ ಸಾವಿರ ಬಾಗಿಲುಗಳು ತೆರೆದಂತೆ. ಡಾಕರಿನ ಪಡಿಯಚ್ಚು ಪದರ ಪದರವಾಗಿರುವುದರಿಂದ, ಕೆಳಗಿನ ಪದರದಲ್ಲಿ ಬರೆದ ಗುಪ್ತಪದವನ್ನು ಮೇಲಿನ ಪದರದಲ್ಲಿ ಅಳಿಸಿದರೂ ಅದು ಕೆಳಗೆ ಉಳಿದೇ ಇರುತ್ತದೆ. ಆದುದರಿಂದ ಗುಪ್ತಪದವು ಪ್ರತಿಯನ್ನು ತೆಗೆದ ಮೇಲೆ, ಆಯಾ ಕಂಟೇನರಿನಲ್ಲೇ ಹುಟ್ಟಬೇಕು.

ಯಾದೃಚ್ಛಿಕತೆಯ ಮೂಲವೂ ಶುದ್ಧವಾಗಿರಬೇಕು. ಡೆಬಿಯನ್ ವ್ಯವಸ್ಥೆಯ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ ೨೦೦೬ರಲ್ಲಿ ಆದ ತಿದ್ದುಪಡಿಯಿಂದ, ಯಾದೃಚ್ಛಿಕ ಸಂಖ್ಯೆಗಳನ್ನು ನಿರ್ಧರಿಸಲು ಪ್ರೋಗ್ರಾಮಿನ ಕ್ರಮಸಂಖ್ಯೆಯೊಂದೇ ಉಳಿಯಿತು. ಅದು ಪಡೆಯಬಹುದಾದ ಬೆಲೆಗಳು ಸುಮಾರು ೩೨ ಸಾವಿರ ಮಾತ್ರ. ೨೦೦೮ರ ಮೇ ತಿಂಗಳಲ್ಲಿ ಇದು ಬಯಲಾಗುವವರೆಗೆ ಅಲ್ಲಿ ಹುಟ್ಟಿದ ಕೀಲಿಗಳು ಉದ್ದದಲ್ಲಿ ಭವ್ಯ, ಬಲದಲ್ಲಿ ಟೊಳ್ಳು.

ಗುಪ್ತಪದವೇ ಇಲ್ಲದ ಪಡಿಯಚ್ಚು

ಇನ್ನೂ ಉತ್ತಮವಾದ ಕ್ರಮವೆಂದರೆ ಪಡಿಯಚ್ಚಿನಲ್ಲಿ ಗುಪ್ತಪದವನ್ನು ಇಡದಿರುವುದು, ಅಂದರೆ ಆ ಮನೆಯನ್ನು ಖಾಲಿ ಬಿಡದೆ ಭದ್ರಪಡಿಸುವುದು. ಎಲ್‌ಎಕ್ಸ್‌ಸಿಯ ‘ಡೌನ್‌ಲೋಡ್’ ಪಡಿಯಚ್ಚು, ತಾನು ಯಾವ ಗುಪ್ತಪದವನ್ನೂ ಇಟ್ಟಿಲ್ಲವೆಂದು ಸ್ಪಷ್ಟವಾಗಿ ತಿಳಿಸುತ್ತದೆ. ಕಂಟೇನರಿಗೆ ಆಶ್ರಯ ಕೊಟ್ಟ ಯಂತ್ರದ ಒಡೆಯನು ಹೊರಗಿನಿಂದಲೇ ಒಳಹೊಕ್ಕು ಬೇಕಾದುದನ್ನು ಇಟ್ಟುಕೊಳ್ಳಬಲ್ಲನಾದುದರಿಂದ, ಮೊದಲ ಪ್ರವೇಶದ ತೊಡಕು ಇಲ್ಲಿ ತಾನಾಗಿ ಬಗೆಹರಿಯುತ್ತದೆ. ಮೈಎಸ್‌ಕ್ಯೂಎಲ್ ಎಂಬ ದತ್ತಾಂಶ ಭಂಡಾರದ ಅಧಿಕೃತ ಡಾಕರ್ ಪಡಿಯಚ್ಚಿನ ಮಾರ್ಗ ಮತ್ತೊಂದು: ಗುಪ್ತಪದ ಕೊಡಿ, ಇಲ್ಲವೇ ಯಾದೃಚ್ಛಿಕವಾಗಿ ಆರಿಸಲು ಹೇಳಿ, ಇಲ್ಲವೇ ಗುಪ್ತಪದ ಬೇಡವೆಂದು ಬಾಯಿಬಿಟ್ಟು ಹೇಳಿ, ಏನನ್ನೂ ಹೇಳದವನಿಗೆ ಅದು ಕೆಲಸವನ್ನೇ ಆರಂಭಿಸುವುದಿಲ್ಲ. ಮರೆವು ಅಪಾಯಕ್ಕೆ ದಾರಿಯಾಗದೆ ಸುರಕ್ಷತೆಗೆ ದಾರಿಯಾಗುವಂತೆ ಮಾಡಿದ ಈ ಏರ್ಪಾಡು ಮೆಚ್ಚತಕ್ಕದ್ದು.

ಗೃಹೋಪಕರಣಗಳ ವಿಷಯದಲ್ಲಿ ಕಾನೂನೂ ಕೈಹಾಕಿದೆ. ಕ್ಯಾಲಿಫೋರ್ನಿಯಾದಲ್ಲಿ ೨೦೨೦ರ ಜನವರಿ ೧ರಿಂದಲೂ ಬ್ರಿಟನ್ನಿನಲ್ಲಿ ೨೦೨೪ರ ಏಪ್ರಿಲ್ ೨೯ರಿಂದಲೂ, ಅಂತರ್ಜಾಲಕ್ಕೆ ಸೇರುವ ಉಪಕರಣಗಳಲ್ಲಿ ಎಲ್ಲಕ್ಕೂ ಒಂದೇ ಗುಪ್ತಪದವನ್ನಿಡುವ ಪದ್ಧತಿಯನ್ನು ತಡೆಯುವ ಶಾಸನಗಳು ಜಾರಿಗೆ ಬಂದಿವೆ. ಬ್ರಿಟನ್ನಿನ ನಿಯಮ, ಒಂದಾದ ಮೇಲೊಂದು ಏರುವ ಅಂಕಿಗಳಿಂದ ಗುಪ್ತಪದ ಕಟ್ಟುವುದನ್ನೂ ನಿಷೇಧಿಸಿದೆ. ಬೇರೆಬೇರೆಯಾಗಿದ್ದರೆ ಸಾಲದು, ಊಹೆಗೆ ನಿಲುಕದಂತಿರಬೇಕು ಎಂಬುದೇ ಇದರ ಅಭಿಪ್ರಾಯ.

ಅಭ್ಯಾಸ

೧. ನಾಲ್ಕು ಅಂಕಿಗಳ ಗುಪ್ತಸಂಖ್ಯೆಯನ್ನು ಸೆಕೆಂಡಿಗೆ ಹತ್ತರಂತೆ ಪ್ರಯತ್ನಿಸಿದರೆ ಎಲ್ಲವನ್ನೂ ಮುಗಿಸಲು ಎಷ್ಟು ಹೊತ್ತು ಬೇಕು?

೨. ಶಾಲೆಯೊಂದು ಪ್ರತಿ ವಿದ್ಯಾರ್ಥಿಗೂ ಅವನ ಹೆಸರು ಮತ್ತು ಹುಟ್ಟಿದ ವರ್ಷವನ್ನು ಸೇರಿಸಿ ಗುಪ್ತಪದ ಕೊಟ್ಟಿತು. ಪದಗಳು ಬೇರೆಬೇರೆಯಾಗಿದ್ದರೂ ಅವು ದುರ್ಬಲವೇಕೆ?

೩. ಇಪ್ಪತ್ತು ಯಾದೃಚ್ಛಿಕ ಅಕ್ಷರಗಳ ಗುಪ್ತಪದವೊಂದನ್ನು ಪಡಿಯಚ್ಚಿನೊಳಗೇ ಬರೆದಿಡಲಾಗಿದೆ. ಪ್ರತಿ ಕಂಟೇನರಿನಲ್ಲೂ ಹೊಸದಾಗಿ ಹುಟ್ಟುವ ಎಂಟು ಅಕ್ಷರಗಳ ಪದ ಅದಕ್ಕಿಂತ ಮೇಲೆನ್ನಲು ಕಾರಣವೇನು?