ಕಡಲಿಗೆ ಹೋಗುವ ಮೊದಲು

ನಮ್ಮ ಯಾದಗಿರಿ ಜಿಲ್ಲೆಯಲ್ಲಿ ಕೃಷ್ಣಾ ಇದೆ, ಭೀಮಾ ಇದೆ. ಕೆರೆ ಇವೆ, ಕಾಲುವೆ ಇವೆ. ಕಡಲು ಇಲ್ಲ. ನಮ್ಮಲ್ಲಿ ಬಹಳ ಮಂದಿ ಕಡಲು ನೋಡಿಲ್ಲ.

ಕಲಿಕಾ ಕೇಂದ್ರದಲ್ಲಿ ಒಂದು ರಾತ್ರಿ ಈ ಮಾತು ಬಂತು.

"ಸಾಯೋದರೊಳಗ ಒಮ್ಮೆ ಕಡಲು ನೋಡಬೇಕ್ರಿ" ಅಂದರು ಒಬ್ಬ ಅಜ್ಜಿ.

ಯಾದಗಿರಿ, ಶಹಾಪುರ, ಸುರಪುರದವರು ಸೇರಿ 12 ಮಂದಿ ಆದೆವು. 9 ಹೆಣ್ಣುಮಕ್ಕಳು, 3 ಗಂಡಸರು. ಮುರುಡೇಶ್ವರಕ್ಕೆ ಹೋಗೋಣ ಎಂದೆವು. ಅದು ಉತ್ತರ ಕನ್ನಡ ಜಿಲ್ಲೆಯಲ್ಲಿದೆ. ಅಲ್ಲಿ ಗುಡಿಯ ಮೂರು ಕಡೆ ಕಡಲು. ಸುರಪುರದಿಂದ ಹುಬ್ಬಳ್ಳಿಗೆ ಹೋಗಬೇಕು. ಅಲ್ಲಿಂದ ಘಟ್ಟ ಇಳಿಯಬೇಕು.

ಯಾವಾಗ ಹೋಗುವುದು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ದೊಡ್ಡ ಮಳೆ. ಆಗ ಕಡಲು ಜೋರಾಗಿರುತ್ತದೆ. ಮಳೆ ನಿಂತ ಮೇಲೆ ಪ್ರವಾಸದ ಕಾಲ ಸುರು.

"ಸೀಗಿ ಹುಣ್ಣಿಮೆ ಆಗಲಿ. ಹತ್ತಿ ಬಿಡಿಸೋ ಕೆಲಸ ಜೋರು ಆಗೋದರೊಳಗ ಬಂದುಬಿಡೋಣು" ಅಂದರು ಒಬ್ಬ ಅಕ್ಕ. ಎಲ್ಲರೂ ಒಪ್ಪಿದೆವು.

ರೊಕ್ಕ ಎಷ್ಟು?

ಶಕ್ತಿ ಯೋಜನೆ 2023ರ ಜೂನ್ 11ರಂದು ಬಂತು. ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾದಾ ಬಸ್ಸು, ವೇಗದೂತ ಬಸ್ಸಿನಲ್ಲಿ ರೊಕ್ಕ ಇಲ್ಲ. ಆಧಾರ್ ಕಾರ್ಡು ತೋರಿಸಬೇಕು. ರಾಜಹಂಸ, ಸ್ಲೀಪರ್ ಬಸ್ಸಿಗೆ ಇದು ನಡೆಯುವುದಿಲ್ಲ. ಗಂಡಸರು ಟಿಕೇಟು ತೆಗೆಯಬೇಕು.

ಊಟಕ್ಕೆ, ಉಳಿಯುವುದಕ್ಕೆ ಒಬ್ಬರಿಗೆ 700 ರೂಪಾಯಿ ಹಿಡಿದೆವು. 12 ಮಂದಿಗೆ 8,400 ರೂಪಾಯಿ. ದಾರಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳೋಣ ಎಂದೆವು.

ಕಡಲು ಹೊಳೆಯಲ್ಲ

"ನಾ ಕೃಷ್ಣಾ ಹೊಳ್ಯಾಗ ಈಸು ಬಿದ್ದಾಂವ. ನನಗ ಎದರ ಅಂಜಿಕಿ?" ಅಂದ ಒಬ್ಬ ತಮ್ಮ.

ಆಗ ನಾವು ಒಂದು ಸಂಗತಿ ಹೇಳಿದೆವು. 2024ರ ಡಿಸೆಂಬರ್‌ನಲ್ಲಿ ಶಾಲೆಯ ಮಕ್ಕಳು ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದರು. ನಾಲ್ವರು ಹುಡುಗಿಯರು ಕಡಲಲ್ಲಿ ಮುಳುಗಿ ತೀರಿಕೊಂಡರು.

ಎಲ್ಲರೂ ಸುಮ್ಮನಾದರು.

ಹೊಳೆ ಒಂದೇ ಕಡೆ ಹರಿಯುತ್ತದೆ. ಕಡಲ ಅಲೆ ಬರುತ್ತದೆ, ಹಿಂದಕ್ಕೆ ಹೋಗುತ್ತದೆ. ಹೋಗುವಾಗ ಕಾಲ ಕೆಳಗಿನ ಉಸುಕು ಜಾರುತ್ತದೆ. ಕೆಲವು ಕಡೆ ನೀರು ಒಳಕ್ಕೆ ಎಳೆಯುತ್ತದೆ. ಈಸು ಬಂದವರನ್ನೂ ಬಿಡುವುದಿಲ್ಲ.

ನಮ್ಮ ಕರಾರು

1. ಕೆಂಪು ಬಾವುಟ ಇದ್ದರೆ ನೀರಿಗೆ ಇಳಿಯುವುದಿಲ್ಲ.
2. ಜೀವರಕ್ಷಕರು ಇರುವ ಕಡೆಯೇ ಇಳಿಯುತ್ತೇವೆ. ಮೊಣಕಾಲಿಗಿಂತ ಆಳಕ್ಕೆ ಹೋಗುವುದಿಲ್ಲ.
3. ಕತ್ತಲಾದ ಮೇಲೆ ಇಳಿಯುವುದಿಲ್ಲ. ಕುಡಿದು ಇಳಿಯುವುದಿಲ್ಲ.
4. ಯಾರಾದರೂ ಮುಳುಗುತ್ತಿದ್ದರೆ ನಾವು ನೀರಿಗೆ ಹಾರುವುದಿಲ್ಲ. ಜೀವರಕ್ಷಕರನ್ನು ಕೂಗುತ್ತೇವೆ. ಹಗ್ಗ, ಖಾಲಿ ಕ್ಯಾನು ಎಸೆಯುತ್ತೇವೆ. 112ಕ್ಕೆ ಫೋನು ಮಾಡುತ್ತೇವೆ.

ಕರಾರಿನ ಕೆಳಗೆ 12 ಮಂದಿಯೂ ಸಹಿ ಹಾಕಿದೆವು. ಆ ತಮ್ಮನೂ ಹಾಕಿದ. ಹೋದ ವರ್ಷ ಹೆಬ್ಬೆಟ್ಟು ಒತ್ತುತ್ತಿದ್ದ ಅಜ್ಜಿ ತಮ್ಮ ಹೆಸರು ಬರೆದರು.

ನಾವು ಹಲಗೆಯ ಮೇಲೆ "ಅಪಾಯ" ಎಂದು ಬರೆದೆವು. ಅಜ್ಜಿ ಒಂದೊಂದೇ ಅಕ್ಷರ ಕೂಡಿಸಿ ಓದಿದರು.

"ಕಡಲ ದಂಡ್ಯಾಗ ಈ ಬೋರ್ಡು ಕಂಡರ ನಾನ ಮೊದಲು ಓದಿ ಹೇಳ್ತೀನ್ರಿ" ಅಂದರು.

ಓದಿರಿ, ಬರೆಯಿರಿ: ಕಡಲು, ಅಲೆ, ಬಾವುಟ, ಅಪಾಯ.

ಲೆಕ್ಕ ಮಾಡಿರಿ: ಒಬ್ಬರಿಗೆ 700 ರೂಪಾಯಿ ಆದರೆ 15 ಮಂದಿಗೆ ಎಷ್ಟು?

ಮಾತಾಡಿರಿ: ನಿಮ್ಮೂರ ಕೆರೆ, ಕಾಲುವೆಗೆ ಯಾವ ಕರಾರು ಬೇಕು?