ಕಲ್ಲಿದ್ದಲು ಕಟ್ಟಿದ ಊರುಗಳು ಮತ್ತು ಸ್ಥಳನಾಮ

ಕನ್ನಡದ ಸ್ಥಳನಾಮ ಅಧ್ಯಯನದಲ್ಲಿ ಶಾಸನೋಕ್ತ ಹೆಸರುಗಳಿಗೆ ಹೆಚ್ಚಿನ ಒತ್ತು ದೊರೆತಿದೆ. ಕೈಗಾರಿಕೆಯಿಂದ ಹುಟ್ಟಿದ ಹೆಸರುಗಳೂ ಚರಿತ್ರೆಯ ಆಕರಗಳೇ ಎಂಬುದನ್ನು ಕಲ್ಲಿದ್ದಲಿಗೆ ಸಂಬಂಧಿಸಿದ ಮೂರು ತಾಣಗಳ ಹೋಲಿಕೆಯಿಂದ ಇಲ್ಲಿ ಪರಿಶೀಲಿಸಲಾಗಿದೆ.

‘ಕಲ್ಲಿದ್ದಲು’ ಎಂಬ ಪದವೇ ಮೊದಲ ಆಕರ. ಕಟ್ಟಿಗೆಯ ಇದ್ದಲನ್ನು ಬಲ್ಲ ಸಮಾಜವು ನೆಲದಿಂದ ಅಗೆದ ಇಂಧನವನ್ನು ‘ಕಲ್ಲು’ ಎಂಬ ಪೂರ್ವಪದ ಸೇರಿಸಿ ಗುರುತಿಸಿತು. ಬೀದರ, ಭಾಲ್ಕಿ, ಔರಾದಗಳ ನೆರೆನುಡಿಯಾದ ಮರಾಠಿಯ ‘ದಗಡೀ ಕೋಳಸಾ’ ಕೂಡ ಇದೇ ರಚನೆಯದು.

ಆಸ್ಟ್ರೇಲಿಯಾದ ಕಡಲತೀರದ ನ್ಯೂಕ್ಯಾಸಲ್ ಮೊದಲ ನಿದರ್ಶನ. ಅಲ್ಲಿನ ಅವಬಕಲ್ ಮೂಲನಿವಾಸಿಗಳಿಗೆ ಆ ತಾಣ ‘ಮುಲುಬಿನ್ಬಾ’ ಆಗಿತ್ತು. 1797ರಲ್ಲಿ ಜಾನ್ ಶಾರ್ಟ್‌ಲ್ಯಾಂಡ್ ನದೀಮುಖದಲ್ಲಿ ಕಲ್ಲಿದ್ದಲನ್ನು ಕಂಡನು. 1804ರಲ್ಲಿ ಸ್ಥಾಪಿತವಾದ ಕೈದಿಗಳ ವಸಾಹತಿಗೆ ಇಂಗ್ಲೆಂಡಿನ ಕಲ್ಲಿದ್ದಲು ಪಟ್ಟಣದ ಹೆಸರನ್ನಿಡಲಾಯಿತು. ಗಣಿ ಮತ್ತು ಬಂದರು ಒಂದೆಡೆ ಕೂಡಿದ್ದರಿಂದ ಊರು ನಗರವಾಯಿತು. ಮೂಲ ಹೆಸರು ಮರೆಗೆ ಸರಿಯಿತು.

ಹೈದರಾಬಾದ್ ಸಂಸ್ಥಾನದಲ್ಲಿ ಇದಕ್ಕೆ ವಿರುದ್ಧವಾದುದು ನಡೆಯಿತು. ಯೆಲ್ಲಂದು ಪ್ರದೇಶದ ಕಲ್ಲಿದ್ದಲನ್ನು ತೆಗೆಯುವ ಹಕ್ಕನ್ನು 1886ರಲ್ಲಿ ಪಡೆದ ಹೈದರಾಬಾದ್ ಡೆಕ್ಕನ್ ಕಂಪನಿಯು 1920ರಲ್ಲಿ ‘ಸಿಂಗರೇಣಿ’ ಎಂಬ ಹಳ್ಳಿಯ ಹೆಸರನ್ನೇ ಧರಿಸಿತು. 1956ರವರೆಗೆ ಬೀದರ, ಗುಲಬರ್ಗಾ, ರಾಯಚೂರುಗಳೂ ಈ ಗಣಿಗಳೂ ಒಂದೇ ಆಡಳಿತದಲ್ಲಿದ್ದವು. ಭಾಷಾವಾರು ಪ್ರಾಂತ ರಚನೆಯಾದಾಗ ಗಣಿಗಳು ಆಂಧ್ರಪ್ರದೇಶಕ್ಕೆ ಸೇರಿದವು.

ಗಣಿಯಿಲ್ಲದ ಕನ್ನಡನಾಡಿನಲ್ಲೂ ಕಲ್ಲಿದ್ದಲನ್ನು ಆಧರಿಸಿದ ಊರೊಂದು ತಲೆಯೆತ್ತಿತು. ರಾಯಚೂರು ತಾಲೂಕಿನ ದೇವಸೂಗೂರಿನ ಬಳಿ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ಆರಂಭವಾಯಿತು. ಕೃಷ್ಣೆಯ ನೀರು, ರೈಲಿನಲ್ಲಿ ಬರುವ ಸಿಂಗರೇಣಿ ಮೊದಲಾದೆಡೆಯ ಕಲ್ಲಿದ್ದಲು ಇದರ ಆಧಾರ. ಮುಂದೆ ಎಂಟು ಘಟಕಗಳಿಂದ ಸಾಮರ್ಥ್ಯ 1,720 ಮೆಗಾವಾಟ್‌ಗೆ ಏರಿತು. ನೌಕರರ ವಸತಿಯೊಡನೆ ಬೆಳೆದ ಊರು ‘ಶಕ್ತಿನಗರ’ ಎನಿಸಿತು.

ಈ ಎರಡು ಹೆಸರುಗಳ ಅಂತರ ಗಮನಾರ್ಹ. ದೇವಸೂಗೂರಿನ ಕೊನೆಯಲ್ಲಿ ದೇಶ್ಯವಾದ ‘ಊರು’ ಇದೆ; ಅಲ್ಲಿನ ಸೂಗೂರೇಶ್ವರನ ಹೆಸರಿನಲ್ಲೂ ಊರೇ ನೆಲೆಸಿದೆ. ಶಕ್ತಿನಗರದ ಎರಡೂ ಪದಗಳು ಸಂಸ್ಕೃತದವು. ‘ಶಕ್ತಿ’ ವಿದ್ಯುತ್ತನ್ನೂ ಸೂಚಿಸುತ್ತದೆ, ದೇವಿಯನ್ನೂ ನೆನಪಿಸುತ್ತದೆ. ಆದರೆ ನೆಲದ ಗುರುತು ಅದರಲ್ಲಿಲ್ಲ.

ಹೀಗೆ ಹೊಸ ಹೆಸರು ಹಳೆಯದನ್ನು ಮುಚ್ಚಬಹುದು. ಹಳೆಯ ಹೆಸರೇ ಉದ್ಯಮವನ್ನು ಆವರಿಸಬಹುದು. ಎರಡೂ ಜೊತೆಯಾಗಿ ಉಳಿಯಬಹುದು. ದೇವಸೂಗೂರು–ಶಕ್ತಿನಗರಗಳದು ಮೂರನೆಯ ಸ್ಥಿತಿ. ವಿದ್ಯುತ್ ಕೇಂದ್ರಕ್ಕೆ ಆಯುಷ್ಯದ ಮಿತಿಯಿದೆ, ಊರಿಗೆ ಹಾಗಿಲ್ಲ. ಆದುದರಿಂದ ಕ್ಷೇತ್ರಕಾರ್ಯದಲ್ಲಿ ಎರಡೂ ಹೆಸರುಗಳನ್ನು, ಅವು ಬಳಕೆಗೆ ಬಂದ ಕಾಲ ಹಾಗೂ ಕಾರಣಗಳೊಡನೆ, ಈಗಲೇ ದಾಖಲಿಸುವುದು ಅಗತ್ಯ.