ಭೂಮಿಗೆ ಬಯಕೆ ಊಟ, ಅಮ್ಮನಿಗೆ?

ಪ್ರಶ್ನೆ: ನಮ್ಮದು ಬೆಳಿಗ್ಗೆ ಸಂಜೆ ದೇವರಿಗೆ ದೀಪ ಹಚ್ಚುವ ಮನೆ. ಊಟಕ್ಕೆ ಕೂತಾಗ ಎಲೆಗೆ ಕೈಮುಗಿದೇ ತುತ್ತೆತ್ತುತ್ತೇವೆ. ಮೊನ್ನೆ ಎಂಟನೇ ತರಗತಿಯ ಮಗಳು, “ಅಪ್ಪ, ದೇವರಿಗೆ ಕೈಮುಗಿದಿದ್ದು ಸರಿ, ಅಡುಗೆ ಮಾಡಿದ್ದು ಅಜ್ಜಿ, ಅಮ್ಮ ಅಲ್ವಾ? ಅವರಿಗೆ ಯಾರೂ ಏನೂ ಹೇಳೋದೇ ಇಲ್ವಲ್ಲ” ಎಂದಳು. ನನ್ನ ತಾಯಿ ನಕ್ಕು, “ಮನೆಯವರಿಗೆಲ್ಲ ಥ್ಯಾಂಕ್ಸ್ ಹೇಳ್ತಾರೇನೇ, ನಾವೇನು ನೆಂಟರಾ?” ಎಂದರು. ನನಗೆ ಇಬ್ಬರ ಮಾತೂ ಸರಿ ಅನ್ನಿಸುತ್ತಿದೆ. ದಿನಾ ಕೃತಜ್ಞತೆಯ ಡೈರಿ ಬರೆದರೆ ಒಳ್ಳೆಯದು ಎಂದೂ ಎಲ್ಲೋ ಕೇಳಿದೆ. ಏನು ಮಾಡಲಿ?
– ಸಾಗರ ತಾಲ್ಲೂಕಿನ ಓದುಗರೊಬ್ಬರು

ಉತ್ತರ: ನಿಮ್ಮ ತಾಯಿಯವರ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದನ್ನು ಹಳೇ ಕಾಲದವರ ಮಾತು ಎಂದು ಬದಿಗೆ ಸರಿಸುವುದು ತೀರಾ ಸುಲಭ. ನಮ್ಮ ಮನೆಗಳಲ್ಲಿ ಉಪಕಾರದ ನೆನಪು ಬಾಯಲ್ಲಿ ಕಡಿಮೆ, ಕೈಯಲ್ಲಿ ಹೆಚ್ಚು. ಅಣ್ಣ ಕಾಲೇಜಿನ ಫೀಸು ಕಟ್ಟಿದ ದಿನ ತಮ್ಮ ಏನೂ ಹೇಳುವುದಿಲ್ಲ. ಎಷ್ಟೋ ವರ್ಷದ ಮೇಲೆ ಅಣ್ಣನ ಮಗಳ ಮದುವೆಯಲ್ಲಿ ಚಪ್ಪರದಿಂದ ಹಿಡಿದು ಬಡಿಸುವವರೆಗೆ ಅವನದೇ ಓಡಾಟ. ಯಾಕೆಂದು ಯಾರೂ ಕೇಳುವುದಿಲ್ಲ, ಅವನೂ ಹೇಳುವುದಿಲ್ಲ. ಇಂಥ ಮನೆಯಲ್ಲಿ ಪ್ರತಿ ಲೋಟ ಕಾಫಿಗೂ ಒಂದು ಥ್ಯಾಂಕ್ಸ್ ಬಿದ್ದರೆ, ಅಲ್ಲಿಗೆ ಲೆಕ್ಕ ಚುಕ್ತಾ ಆಯಿತು ಎನ್ನಿಸಿ ಹಿರಿಯರಿಗೆ ಕಸಿವಿಸಿಯಾಗುವುದು ಸಹಜ.

ಆದರೆ ನಿಮ್ಮ ಮಗಳು ಥ್ಯಾಂಕ್ಸ್ ಬೇಕು ಅಂದಿಲ್ಲ. ದೇವರ ಕಡೆ ಹೋದ ಕೈ ಅಡುಗೆಮನೆಯ ಕಡೆ ತಿರುಗಲಿಲ್ಲ ಎಂಬುದನ್ನು ಆಕೆ ಗಮನಿಸಿದ್ದಾಳೆ. ಸಾರಿಗೆ ಉಪ್ಪು ಕಡಿಮೆಯಾದ ದಿನ ನಮಗೆಲ್ಲ ಮಾತು ಬರುತ್ತದೆ. ಸರಿಯಾಗಿದ್ದ ದಿನ ಬಾಯಿರುವುದು ಉಣ್ಣುವುದಕ್ಕೆ ಮಾತ್ರ.

ನಿಮ್ಮ ಊರಿನ ಕಡೆಯದೇ ಒಂದು ಹಬ್ಬ ಇದಕ್ಕೆ ಚೆನ್ನಾಗಿ ಉತ್ತರ ಹೇಳುತ್ತದೆ. ಆಶ್ವಯುಜದ ಹುಣ್ಣಿಮೆ, ನೀವು ಭೂಮಿ ಹುಣ್ಣಿಮೆ ಎನ್ನುತ್ತೀರಿ. ಬಯಲುಸೀಮೆಯ ಉತ್ತರಕ್ಕೆ ಹೋದರೆ ಅದೇ ದಿನ ಸೀಗೆ ಹುಣ್ಣಿಮೆ. ಆ ಹೊತ್ತಿಗೆ ಮಲೆನಾಡಿನ ಗದ್ದೆಯಲ್ಲಿ ಭತ್ತ ಹೊಡೆ ತುಂಬಿರುತ್ತದೆ, ತೆನೆ ಇನ್ನೂ ಹಾಲುಗಟ್ಟಬೇಕು. ಪೈರು ಹೊತ್ತ ಭೂಮಿ ಬಸುರಿ ಎಂಬುದು ಹಬ್ಬದ ಭಾವ. ಬಸುರಿಗೆ ಬಯಕೆ ಇರುತ್ತದಲ್ಲ, ಅದಕ್ಕೇ ಸೀಮಂತದ ಊಟ. ಸಾಗರ, ಸೊರಬ, ಸಿದ್ದಾಪುರದ ಕಡೆ ದೀವರ ಸಮುದಾಯದ ಮನೆಗಳಲ್ಲಿ ಹಬ್ಬಕ್ಕೆ ಎಷ್ಟೋ ದಿನ ಮೊದಲೇ ಹೆಣ್ಣುಮಕ್ಕಳು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳುಪಿನಲ್ಲಿ ಪುಂಡಿನಾರಿನಿಂದ ಚಿತ್ತಾರ ಬರೆಯುತ್ತಾರೆ. ಅದೇ ಭೂಮಣ್ಣಿ ಬುಟ್ಟಿ. ಹುಣ್ಣಿಮೆಯ ಹಿಂದಿನ ರಾತ್ರಿಯೆಲ್ಲ ಒಲೆ ಉರಿಯುತ್ತದೆ: ಕೊಟ್ಟೆ ಕಡುಬು, ಪಾಯಸ, ತರಕಾರಿಗಳು, ಹುಡುಕಿ ತಂದ ನೂರೆಂಟು ಬಗೆಯ ಸೊಪ್ಪು ಕುಡಿಗಳನ್ನು ಬೇಯಿಸಿದ ಚರಗ. ಕೋಳಿ ಕೂಗುವ ಮೊದಲೇ ಮನೆಯ ಗಂಡಸು ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ಕೂಗುತ್ತ ಚರಗ ಬೀರಿ ಬರುತ್ತಾನೆ. ಬೆಳಕಾದ ಮೇಲೆ ಮನೆಮಂದಿಯೆಲ್ಲ ಗದ್ದೆಯಂಚಿನಲ್ಲಿ ಪೂಜೆ ಮಾಡಿ ಅಲ್ಲೇ ಉಣ್ಣುತ್ತಾರೆ. ಕಾಗೆಗೆ ಒಂದು ಎಡೆ, ಇಲಿಗೂ ಒಂದು ಎಡೆ. ಬೆಳೆ ಕಡಿಯುವ ಇಲಿಗೂ!

ಈ ಹಬ್ಬದ ಹೊತ್ತನ್ನು ನೋಡಿ. ಕೊಯ್ಲು ಮುಗಿದಿಲ್ಲ, ಕಣಜ ತುಂಬಿಲ್ಲ. ಬೆಳೆ ಕೈಗೆ ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಒಂದು ಅಕಾಲ ಮಳೆ ಸಾಕು. ಹಾಗಿದ್ದೂ ಉಪಕಾರ ನೆನೆಯುವುದು ಈಗಲೇ, ಭೂಮಿ ಪೈರು ಹೊತ್ತು ನಿಂತಿರುವಾಗಲೇ. ಇದರಲ್ಲಿ ಬೇಡಿಕೆಯೂ ಬೆರೆತಿದೆ, ಇಲ್ಲವೆನ್ನುವುದಿಲ್ಲ; ರೈತ ಸಂತನಾಗಬೇಕಿಲ್ಲ. ನನಗೆ ದೊಡ್ಡದಾಗಿ ಕಾಣುವುದು, ಈ ಹಬ್ಬ ಭೂಮಿಯನ್ನು ಹೊಗಳುವುದಕ್ಕಿಂತ ಮೊದಲು ‘ನಿನಗೇನು ತಿನ್ನುವ ಆಸೆ’ ಎಂದು ಕೇಳುತ್ತದೆ ಎಂಬುದು.

ಈಗ ನಮ್ಮ ಮನೆಗಳ ಇನ್ನೊಂದು ಆಚರಣೆಯನ್ನು ಇದರ ಪಕ್ಕದಲ್ಲಿಡಿ. ತಿಥಿಯ ದಿನ ಅಡುಗೆಮನೆಯಲ್ಲಿ ಏನು ಮಾತು ನಡೆಯುತ್ತದೆ? “ಅಮ್ಮನಿಗೆ ಹಾಗಲಕಾಯಿ ಗೊಜ್ಜು ಅಂದ್ರೆ ಪ್ರಾಣ, ಅದನ್ನ ಮಾಡದೆ ಬಿಡಬಾರದು.” “ಅತ್ತೆಗೆ ಕರಿಗಡುಬು ಇಷ್ಟ ಇತ್ತು.” ಬದುಕಿದ್ದಾಗ ಆ ತಾಯಿ ಮಕ್ಕಳಿಗೆ ಹಾಗಲಕಾಯಿ ಸೇರುವುದಿಲ್ಲವೆಂದು ವರ್ಷಗಟ್ಟಲೆ ಅದನ್ನು ಮನೆಗೇ ತಂದಿರುವುದಿಲ್ಲ. ಆಕೆಯ ಇಷ್ಟ ನಮಗೆ ನೆನಪಾಗುವುದು ಪಿಂಡದ ಹೊತ್ತಿಗೆ. ತಿಥಿ ಬೇಡ ಅಂತಲ್ಲ, ಸತ್ತವರನ್ನು ನೆನೆಯುವುದು ದೊಡ್ಡ ಗುಣವೇ. ಆದರೆ ಭೂಮಿಯ ವಿಷಯದಲ್ಲಿ ನಾವು ತೋರಿಸುವ ಸಮಯಪ್ರಜ್ಞೆ ಮನುಷ್ಯರ ವಿಷಯಕ್ಕೆ ಬಂದಾಗ ಕೈಕೊಡುತ್ತದೆ. ಅಪ್ಪ ನಿವೃತ್ತನಾದ ದಿನ ಶಾಲು ಹೊದಿಸುತ್ತೇವೆ, ಅರವತ್ತಾದರೆ ಶಾಂತಿ ಮಾಡಿಸುತ್ತೇವೆ. ನಡುವಿನ ಮಂಗಳವಾರಗಳ ಕಥೆ ಏನು?

ಭೂಮಿ ಹುಣ್ಣಿಮೆಯಲ್ಲೇ ಇನ್ನೊಂದು ಇರಿಸುಮುರಿಸಿನ ಸಂಗತಿಯಿದೆ, ನಿಮ್ಮ ಮಗಳು ಬೇಗ ಹಿಡಿಯುತ್ತಾಳೆ. ಹಬ್ಬ ಬಸುರಿಯ ಬಯಕೆಯದು. ರಾತ್ರಿಯಿಡೀ ನಿದ್ದೆಗೆಟ್ಟು ಬೇಯಿಸುವವಳು ಹೆಂಗಸು. ಬುಟ್ಟಿಯ ಚಿತ್ತಾರವೂ ಆಕೆಯದೇ. ಆಕೆಯ ಬಯಕೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಆಯುಧಪೂಜೆಯಲ್ಲೂ ಹಾಗೇ, ಈಳಿಗೆಮಣೆಗೆ, ಒರಳಿಗೆ, ಮಿಕ್ಸಿಗೆ ಕುಂಕುಮ ಬೀಳುತ್ತದೆ. ಅವನ್ನೆಲ್ಲ ತೊಳೆದು ಒರೆಸಿ ಸಾಲಾಗಿ ಇಟ್ಟವಳು ಅಷ್ಟು ಹೊತ್ತಿಗೆ ಹೋಳಿಗೆಗೆ ಕಣಕ ನಾದುತ್ತಿರುತ್ತಾಳೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಿದ್ದರು. ಆ ಕೆಲಸಕ್ಕೆ ಕೈಹಚ್ಚುವ ಗಂಡಸರು 97 ನಿಮಿಷ. ಕೈಯನ್ನೇ ಹಚ್ಚದ ಗಂಡಸರು ಆ 97ರ ಲೆಕ್ಕಕ್ಕೇ ಬಂದಿಲ್ಲ.

ನಂಬಿಕೆಯ ಮಾತಿಗೆ ಬರೋಣ, ಏಕೆಂದರೆ ನೀವು ದೀಪ ಹಚ್ಚುವ ಮನೆಯವರು. ದೇವರಿಗೆ ಕೈಮುಗಿದರೆ ಎಲ್ಲರಿಗೂ ಮುಗಿದಂತಾಯಿತು ಎಂಬ ಸಮಾಧಾನ ಎಲ್ಲ ಧರ್ಮದವರಲ್ಲೂ ಇದೆ. ಧರ್ಮಗಳು ಮಾತ್ರ ಹಾಗೆ ಹೇಳುವುದಿಲ್ಲ. ಮನುಷ್ಯ ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣ ಹೊತ್ತು ಬರುತ್ತಾನೆ ಎಂಬುದು ನಮಗೆ ಗೊತ್ತಿರುವ ಪಟ್ಟಿ. ಶತಪಥ ಬ್ರಾಹ್ಮಣ ಮತ್ತು ಮಹಾಭಾರತ ಅದಕ್ಕೆ ನಾಲ್ಕನೆಯದಾಗಿ ಮನುಷ್ಯರ ಋಣವನ್ನೂ ಸೇರಿಸುತ್ತವೆ. ಆದಿಪರ್ವದಲ್ಲಿ ಪಾಂಡು ಆಡುವ ಮಾತಿನ ಪ್ರಕಾರ ದೇವತೆಗಳ ಋಣ ಯಜ್ಞದಿಂದ ತೀರುತ್ತದೆ. ಮನುಷ್ಯರದು ತೀರಬೇಕಾದರೆ ಕ್ರೌರ್ಯವಿಲ್ಲದೆ ನಡೆದುಕೊಳ್ಳಬೇಕು. ಎಂದರೆ ಒಂದು ಖಾತೆಗೆ ಕಟ್ಟಿದ್ದು ಇನ್ನೊಂದಕ್ಕೆ ಜಮಾ ಆಗುವುದಿಲ್ಲ. ಮುಸ್ಲಿಮರಲ್ಲಿ ಉಂಡು ಎದ್ದ ಮೇಲೆ ‘ಅಲ್‌ಹಮ್ದುಲಿಲ್ಲಾ’ ಎಂದು ಅಲ್ಲಾಹನನ್ನು ಸ್ತುತಿಸುವ ರೂಢಿ. ಜನರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಲ್ಲ ಎಂಬ ಅರ್ಥದ ಹದೀಸೂ ಅವರಲ್ಲಿದೆ, ಅಬೂ ದಾವೂದ್ ಮತ್ತು ತಿರ್ಮಿಝಿ ಸಂಗ್ರಹಗಳಲ್ಲಿ ಸಿಗುತ್ತದೆ. ನಮ್ಮ ಪಂಕ್ತಿಯಲ್ಲಿ ಊಟ ಮುಗಿದಾಗ ಕೇಳುವ ‘ಅನ್ನದಾತಾ ಸುಖೀಭವ’ ಎಲ್ಲರಿಗೂ ಗೊತ್ತು. ಅದರ ಉದ್ದನೆಯ ರೂಪದಲ್ಲಿ ಅನ್ನ ಕೊಟ್ಟವರ ಜೊತೆಗೆ ಪಾಕ ಮಾಡಿದವರಿಗೂ, ಉಂಡವರಿಗೂ ಹಾರೈಕೆ ಇದೆ. ಅಡುಗೆಯವರ ಭಾಗ ಯಾವಾಗ ಉದುರಿಹೋಯಿತೋ!

ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರ ಮೊಂತಿ ಫೆಸ್ತ್ ಕೂಡ ನನಗೆ ಇಷ್ಟ. ಸೆಪ್ಟೆಂಬರ್ 8, ಮರಿಯಮ್ಮನವರ ಹುಟ್ಟುಹಬ್ಬ. ಒಂಬತ್ತು ದಿನ ಮಕ್ಕಳು ಹೂ ಅರ್ಪಿಸುತ್ತಾರೆ, ಹಬ್ಬದ ದಿನ ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆ ಮನೆಗೆ ಬರುತ್ತದೆ. ಅದರ ಕಾಳು ಬಿಡಿಸಿ, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಊಟ ಸಸ್ಯಾಹಾರ. ದೂರದಲ್ಲಿರುವ ಮಕ್ಕಳ ಪಾಲನ್ನು ಲಕೋಟೆಯಲ್ಲಿಟ್ಟು ಮುಂಬಯಿಗೋ ಕೊಲ್ಲಿಗೋ ಅಂಚೆಯಲ್ಲಿ ಕಳಿಸುವ ಪದ್ಧತಿ ಬೆಳೆದು ಬಂದಿದೆ. ದೇವರಿಗೆ ಸಂದ ಕೃತಜ್ಞತೆ ಇಲ್ಲಿ ಹೆಸರು, ವಿಳಾಸ ಹುಡುಕಿಕೊಂಡು ಒಬ್ಬೊಬ್ಬ ಮನುಷ್ಯನ ಹತ್ತಿರವೂ ಹೋಗುತ್ತದೆ.

ಡೈರಿಯ ಬಗ್ಗೆ ಕೇಳಿದ್ದೀರಿ. ಬರೆದರೆ ನಷ್ಟವಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲ್ಲೊ 2003ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಇದು ಜನಪ್ರಿಯವಾಯಿತು. ವಾರಕ್ಕೊಮ್ಮೆಯಂತೆ 10 ವಾರ, ಕೃತಜ್ಞತೆ ಮೂಡಿಸಿದ ಐದರವರೆಗಿನ ಸಂಗತಿಗಳನ್ನು ಬರೆದ ವಿದ್ಯಾರ್ಥಿಗಳಿಗೆ, ಕಿರಿಕಿರಿಗಳನ್ನು ಪಟ್ಟಿ ಮಾಡಿದವರಿಗಿಂತ ತಮ್ಮ ಬದುಕು ಹಸನಾಗಿ ಕಂಡಿತು. ಇನ್ನೊಬ್ಬ ಮನಶ್ಶಾಸ್ತ್ರಜ್ಞೆ ಸೋನ್ಯಾ ಲ್ಯೂಬೊಮಿರ್ಸ್ಕಿ ಅವರ ಪ್ರಯೋಗದಲ್ಲಿ ವಾರಕ್ಕೊಂದು ಸಲ ಬರೆದವರಿಗೆ ಪ್ರಯೋಜನ ಕಂಡಿತು, ವಾರಕ್ಕೆ ಮೂರು ಸಲ ಬರೆದವರಿಗೆ ಇಲ್ಲ. ದಿನಾ ಮಾಡಿದರೆ ಅದೂ ಯಾಂತ್ರಿಕ ಸಂಧ್ಯಾವಂದನೆ ಆಗುತ್ತದೇನೋ. ಹಾಗಾಗಿ ‘ದಿನಾ ಬರೆಯಿರಿ’ ಎಂಬ ಉಪದೇಶವನ್ನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಡಿ. ನನ್ನ ತಕರಾರು ಬೇರೆ: ಆ ಡೈರಿಯನ್ನು ಅಡುಗೆಮನೆಯಲ್ಲಿರುವವರು ಓದುವುದಿಲ್ಲ. ಬರೆದವರ ಮನಸ್ಸು ಹಗುರವಾಗಬಹುದು, ರುಬ್ಬುವವರ ತೋಳು ಹಗುರವಾಗುವುದಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಕೃತಜ್ಞತೆ ನಮ್ಮ ಕುಟುಂಬಗಳಲ್ಲಿ ಬೆತ್ತವಾಗಿಯೂ ಬಳಕೆಯಾಗಿದೆ. ಸೊಸೆ ಒಂದು ಮಾತು ಎದುರಾಡಿದರೆ “ಉಂಡ ಮನೆಗೆ ಎರಡು ಬಗೀತೀಯಾ” ಎನ್ನುತ್ತೇವೆ. ಮಗ ಬೇರೆ ಕೋರ್ಸು ಬೇಕೆಂದರೆ ಸಾಕಿ ಸಲಹಿದ ಪಟ್ಟಿ ಹೊರಗೆ ಬರುತ್ತದೆ. ಕೇಳಿ ಪಡೆಯುವ ಕೃತಜ್ಞತೆಗೆ ವಸೂಲಿ ಎನ್ನುವುದೇ ಸರಿ. ಇನ್ನೊಂದು ಇದಕ್ಕಿಂತ ನಯವಾದದ್ದು: ಮನೆಯಾಕೆಯನ್ನು ಸಾಕ್ಷಾತ್ ಅನ್ನಪೂರ್ಣೇಶ್ವರಿ ಎಂದು ಹೊಗಳಿ, ಆಕೆ ಜ್ವರದಲ್ಲಿದ್ದಾಗಲೂ ಒಲೆಯ ಮುಂದೆ ನಿಲ್ಲಿಸುವುದು. ದೇವಿಗೆ ಸೊಂಟನೋವು ಬರುವುದಿಲ್ಲವಲ್ಲ. ಮಗಳು ಹೇಳಿದ್ದನ್ನು ಕೇಳಿ ನೀವು ನಾಳೆಯಿಂದ ಹೊಗಳಲು ಶುರು ಮಾಡಿ ಅಷ್ಟಕ್ಕೇ ನಿಂತರೆ, ಈಗಿರುವುದೇ ವಾಸಿ ಎಂದು ನಿಮ್ಮ ಹೆಂಡತಿಗೆ ಅನ್ನಿಸಬಹುದು.

ಹಾಗಾದರೆ ಮಾಡುವುದೇನು? ಥ್ಯಾಂಕ್ಸ್ ಬೇಡ, ನಿಮ್ಮ ತಾಯಿಗೆ ಅದು ಒಗ್ಗುವುದಿಲ್ಲ. ನಿಮ್ಮೂರ ಹಬ್ಬದಿಂದಲೇ ಕಲಿಯಿರಿ: ಬಯಕೆ ಕೇಳಿ. “ಅಮ್ಮ, ನಿಂಗೆ ಏನು ತಿನ್ನಬೇಕು ಅನ್ಸತ್ತೆ?” ಎಂದು ಒಂದು ಸಾಮಾನ್ಯ ದಿನ, ಹಬ್ಬ ಹುಣ್ಣಿಮೆ ಏನೂ ಇಲ್ಲದಾಗ ಕೇಳಿ. “ನಂಗೆಂತದು, ನೀವು ಏನು ತಿಂದ್ರೂ ನಂಗಾಯ್ತು” ಎಂದೇ ಉತ್ತರ ಬರುತ್ತದೆ. ಅಷ್ಟು ವರ್ಷ ಯಾರೂ ಕೇಳದಿದ್ದ ಪ್ರಶ್ನೆಗೆ ಥಟ್ಟನೆ ಉತ್ತರ ಎಲ್ಲಿಂದ ಬರಬೇಕು? ಮಗಳನ್ನು ಮುಂದೆ ಬಿಡಿ, ಅಜ್ಜಿಯ ಬಾಯಿ ಬಿಡಿಸುವುದು ಮೊಮ್ಮಕ್ಕಳಿಗೆ ಸಲೀಸು. ಕೆಸುವಿನ ಪತ್ರೊಡೆ ಎನ್ನಬಹುದು, ಚಿಕ್ಕಂದಿನಲ್ಲಿ ತವರಲ್ಲಿ ತಿಂದ ಯಾವುದೋ ತಂಬುಳಿ ಎನ್ನಬಹುದು. ಗೊತ್ತಾದ ಮೇಲೆ ಅದನ್ನು ನಿಮ್ಮ ಹೆಂಡತಿಯ ಕೈಯಲ್ಲಿ ಮಾಡಿಸಬೇಡಿ, ಅಲ್ಲಿಗೆ ಎಲ್ಲ ಕೆಟ್ಟಿತು. ಸೊಪ್ಪು ನೀವೇ ತನ್ನಿ, ತೆಂಗಿನಕಾಯಿ ನೀವೇ ತುರಿಯಿರಿ. ಹೆಂಡತಿಯನ್ನೂ ಕೇಳಿ, ಆಕೆಯ ಬಯಕೆ ಊಟದ್ದೇ ಆಗಿರಬೇಕೆಂದಿಲ್ಲ, ಭಾನುವಾರ ಎಂಟು ಗಂಟೆಯವರೆಗೆ ಮಲಗುವುದೂ ಇರಬಹುದು.

ಮಾಡಿದ ದಿನ ಎಲ್ಲರೂ ಒಟ್ಟಿಗೆ ಕೂರುವಂತೆ ಪಾತ್ರೆಗಳನ್ನು ನಡುವೆ ಇಟ್ಟುಕೊಳ್ಳಿ, ಯಾರೂ ನಿಂತು ಬಡಿಸುವುದು ಬೇಡ. ಎಲೆಗೆ ಕೈಮುಗಿಯುವುದನ್ನು ಬಿಡಬೇಡಿ. ತಾಯಿಗೆ ಮೊದಮೊದಲು ಇರಿಸುಮುರಿಸಾಗುತ್ತದೆ, ಮಗನಿಗೆ ಏನೋ ಆಗಿದೆ, ಆಫೀಸಿನಲ್ಲೇನಾದರೂ ತೊಂದರೆಯೋ ಎಂದು ಸೊಸೆಯ ಹತ್ತಿರ ವಿಚಾರಿಸುತ್ತಾರೆ. ಗೊಜ್ಜಿಗೆ ಹುಳಿ ಹೆಚ್ಚಾಯಿತು ಎಂದೂ ಹೇಳುತ್ತಾರೆ, ನೋಡಿ ಬೇಕಾದರೆ.